ನಾಲ್ಕು ಗಾಲಿಯ ಸಂಸಾರ

ಮನೆಗೆ ಹೊಸ ಸೊಸೆ ಬಂದರೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಡುತ್ತೇವೆ. ಹೊಸ ಕಾರು ಬಂದರೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತೇವೆ. ಎರಡೂ ಸಂದರ್ಭಗಳಲ್ಲಿ ನೆರೆಹೊರೆಯವರು ಕೂಡುತ್ತಾರೆ, ಒಂದು ಸುತ್ತು ನೋಡುತ್ತಾರೆ, ಬಣ್ಣದ ಬಗ್ಗೆ ಒಂದು ಮಾತು ಆಡುತ್ತಾರೆ, ಪೇಢೆ ತಿಂದು ಚಹಾ ಕುಡಿದು ಹೋಗುತ್ತಾರೆ. ವ್ಯತ್ಯಾಸ ಕಾಣುವುದು ಮರುದಿನದಿಂದ. ಸೊಸೆಗೆ ಮನೆಯವರು ತಮ್ಮ ರೀತಿ ರಿವಾಜುಗಳನ್ನು ಕಲಿಸತೊಡಗುತ್ತಾರೆ; ಕಾರು ಮನೆಯವರಿಗೆ ತನ್ನ ರಿವಾಜು ಕಲಿಸತೊಡಗುತ್ತದೆ. ಅದನ್ನು ನೆರಳಿನಲ್ಲಿ ನಿಲ್ಲಿಸಬೇಕು, ಮೀಯಿಸಬೇಕು, ಕಾಲಕಾಲಕ್ಕೆ ಎಣ್ಣೆ ಬದಲಿಸಬೇಕು, ವರ್ಷಕ್ಕೊಮ್ಮೆ ವಿಮೆ ಕಟ್ಟಬೇಕು, ಎಂಟು ದಿನ ಹೊರಗೆ ತೆಗೆಯದಿದ್ದರೆ ಮುನಿಸಿಕೊಂಡು ಬ್ಯಾಟರಿ ಇಳಿಸಿಕೊಳ್ಳುತ್ತದೆ. ಹೆತ್ತ ಮಕ್ಕಳಿಗೂ ಇಷ್ಟು ಉಪಚಾರ ಸಲ್ಲುವುದನ್ನು ನಾವು ಕಂಡಿಲ್ಲ.

ನಮಗೆ ಕಾರು ನಡೆಸಲು ಬರುವುದಿಲ್ಲ. ಮಠದಲ್ಲಿ ಗುರುಗಳು ನಮಗೆ ವ್ಯಾಕರಣ ಕಲಿಸಿದರು, ತರ್ಕ ಕಲಿಸಿದರು, ಹಳಗನ್ನಡದ ಛಂದಸ್ಸು ಕಲಿಸಿದರು. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂಬುದು ಆ ಪಾಠಪಟ್ಟಿಯಲ್ಲಿ ಇರಲಿಲ್ಲ. ಆದರೆ ಉಪನ್ಯಾಸಕ್ಕೆಂದು, ಮದುವೆ ಮುಂಜಿಗಳಿಗೆಂದು, ಪುಣ್ಯಸ್ಮರಣೆಗೆಂದು ಊರೂರಿನವರು ಕಾರು ಕಳಿಸಿ ಕರೆಸಿಕೊಳ್ಳುವುದರಿಂದ ನಾಲ್ಕು ದಶಕಗಳಿಂದ ನಾವು ಎಡಭಾಗದ ಮುಂದಿನ ಆಸನದ ಒಡೆಯರು. ಎಷ್ಟು ಸಾರಥಿಗಳ ಪಕ್ಕದಲ್ಲಿ ಕುಳಿತಿದ್ದೇವೆಂಬುದರ ಲೆಕ್ಕ ಇಟ್ಟಿಲ್ಲ. ನಡೆಸುವವನ ಲಕ್ಷ್ಯ ರಸ್ತೆಯ ಮೇಲಿರುತ್ತದೆ, ಪಕ್ಕದಲ್ಲಿ ಕುಳಿತವನ ಲಕ್ಷ್ಯ ನಡೆಸುವವನ ಮೇಲಿರುತ್ತದೆ. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತು ಆಡುವ ಅಧಿಕಾರ ನಮಗುಂಟೆಂದೇ ನಮ್ಮ ಭಾವನೆ. ಎದುರಿಗೆ ಲಾರಿ ಬಂದಾಗ ನಮ್ಮ ಬಲಗಾಲು ತಾನಾಗಿಯೇ ಇಲ್ಲದ ಬ್ರೇಕನ್ನು ಒತ್ತುತ್ತದೆ. ಈ ಅಭ್ಯಾಸದಿಂದ ಎಷ್ಟೋ ಅಪಘಾತಗಳು ತಪ್ಪಿವೆಯೆಂದು ನಾವು ನಂಬಿದ್ದೇವೆ, ಸಾರಥಿಗಳು ನಂಬಿಲ್ಲ.

ಮೊಟ್ಟಮೊದಲು ನಾವು ಹತ್ತಿದ ಕಾರು ಮಠದ ಅಂಬ್ಯಾಸಡರ್. ಹತ್ತಿದ್ದೆವು ಎನ್ನುವುದಕ್ಕಿಂತ ತಳ್ಳಿದ್ದೆವು ಎನ್ನುವುದು ಸರಿಯಾದ ಕ್ರಿಯಾಪದ. 1970ರ ದಶಕದ ನಡುಭಾಗ. ಪೂಜ್ಯರು ಪ್ರವಾಸಕ್ಕೆ ಹೊರಡುವ ದಿನ ಪ್ರಸಾದ ನಿಲಯದ ಹುಡುಗರಿಗೆ ನಸುಕಿನಲ್ಲಿಯೇ ಕರೆ ಬರುತ್ತಿತ್ತು. ಸ್ನಾನ ಪೂಜೆಗಳ ತರುವಾಯ ಎಂಟು ಜನ ಹಿಂದೆ, ಇಬ್ಬರು ಬದಿಗೆ ನಿಂತು ಮಹಾದ್ವಾರದಿಂದ ಕೆರೆಯ ಏರಿಯವರೆಗೆ ತಳ್ಳಿದರೆ ವಾಹನ ಒಮ್ಮೆ ಕೆಮ್ಮಿ, ಕರಿಯ ಹೊಗೆ ಉಗುಳಿ, ಹೊರಡುತ್ತಿತ್ತು. ಆ ಹೊಗೆ ಮುಖಕ್ಕೆ ಬಡಿಸಿಕೊಂಡವರಿಗೆ ಅಂದು ಎರಡು ಉಂಡಿ ಹೆಚ್ಚು. ಕಿಟಕಿಗಳಿಗೆ ಹಸಿರು ಪರದೆ, ಮುಂದೆ ಮೂವರು ಕೂಡುವ ಒಂದೇ ಉದ್ದನೆಯ ಆಸನ, ಗೇರಿನ ಕೋಲು ಸ್ಟಿಯರಿಂಗಿನ ಕೊರಳಿಗೆ ಜೋಡಿಸಿದ್ದು. ಘಟ್ಟ ಹತ್ತುವಾಗ ನೀರು ಕುದಿದು ಮುಂಭಾಗದಿಂದ ಉಗಿ ಏಳುತ್ತಿತ್ತು. ಆಗ ಎಲ್ಲರೂ ಇಳಿದು ಮರದ ನೆರಳಿಗೆ ಕುಳಿತು, ಕೊಡದ ನೀರು ಹಾಕಿ, ಅದು ತಣಿಯುವವರೆಗೆ ಬುತ್ತಿ ಬಿಚ್ಚುತ್ತಿದ್ದರು. ಅಂದಿನ ಪ್ರಯಾಣದಲ್ಲಿ ಊಟದ ವೇಳೆಯನ್ನು ಗೊತ್ತುಪಡಿಸುತ್ತಿದ್ದುದು ಕಾರೇ. ಬಂಗಾಳದ ಉತ್ತರಪಾಡಾದ ಕಾರಖಾನೆಯಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ತಯಾರಾಗುತ್ತಿದ್ದ ಆ ವಾಹನ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಮುಂಡಾಸು ಸುತ್ತಿದ ಹಿರಿಯರು ತಲೆ ಬಗ್ಗಿಸದೆ ಕೂಡಬಹುದಾಗಿದ್ದ ಕೊನೆಯ ಕಾರು ಅದು. ಈಗಿನ ಕಾರುಗಳು ವಿಮಾನದಂತೆ ಚೂಪಾಗಿವೆ. ರುಮಾಲು ಸುತ್ತುವವರಿಗೆ ಅವುಗಳಲ್ಲಿ ಅವಕಾಶವಿಲ್ಲ.

ಕಾರಿನ ಕಾರಖಾನೆ ಕನ್ನಡ ನೆಲದಲ್ಲಿಯೇ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೋಜನೆ ಹಾಕಿದ್ದರು. ವಾಲಚಂದ್ ಹೀರಾಚಂದರು ಜೊತೆಗಿದ್ದರು. ಬ್ರಿಟಿಷ್ ಸರಕಾರದ ಆಸರೆ ಸಿಗಲಿಲ್ಲ. ಕೊನೆಗೆ ವಾಲಚಂದರ ಕಾರಖಾನೆ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಬಂದದ್ದೇ ಫಿಯೆಟ್, ಮುಂದೆ ಪದ್ಮಿನಿ ಎಂಬ ಸುಂದರ ಹೆಸರು ಪಡೆದ ವಾಹನ. ನಮ್ಮ ಕಡೆ ವೈದ್ಯರಿಗೆ ಫಿಯೆಟ್, ವ್ಯಾಪಾರಿಗಳಿಗೆ ಅಂಬ್ಯಾಸಡರ್ ಎಂದು ವರ್ಣವಿಭಾಗವಾಗಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು ಈ ವಿಭಾಗವನ್ನು ಅಳಿಸಿತು. ಅಂಬ್ಯಾಸಡರಿನಲ್ಲಿ ಹತ್ತು ಜನರನ್ನು ತುಂಬಿ ರೂಢಿಯಾಗಿದ್ದ ನಮ್ಮವರು ಆ ಪುಟ್ಟ ಪೆಟ್ಟಿಗೆಯಲ್ಲಿಯೂ ಎಂಟು ಜನರನ್ನು ತುಂಬಿ ಜಾತ್ರೆಗೆ ಹೋದರು. ಕೂಡಿ ಬಾಳುವ ಮನೆತನಗಳು ಒಡೆದು ಚಿಕ್ಕವಾದ ಕಾಲ ಮತ್ತು ಕಾರು ಚಿಕ್ಕದಾದ ಕಾಲ ಎರಡೂ ಒಂದೇ. ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ತರ್ಕಶಾಸ್ತ್ರಿಗಳು ನಿರ್ಣಯಿಸಲಿ.

ಇನ್ನು ಸಾರಥಿಗಳ ಜಾತಿಗಳು. ಸಂಖ್ಯಾಫಲಕ ನೋಡಿ ಗುಣ ಹೇಳುವ ಸಾಮುದ್ರಿಕ ಶಾಸ್ತ್ರವೊಂದು ರಸ್ತೆಯಲ್ಲಿ ಬೆಳೆದಿದೆ. ಬೆಂಗಳೂರಿನಲ್ಲಿ ಕೆಎ 28 ಕಂಡರೆ ‘ಬಿಜಾಪುರದವರು, ದಾರಿ ಬಿಡಿ, ಅವರಿಗೆ ಬಯಲಿನಲ್ಲಿ ಓಡಿಸಿ ರೂಢಿ’ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಕೆಎ 01 ಕಂಡರೆ ‘ಬೆಂಗಳೂರಿನವರು, ಸಿಗ್ನಲ್ಲಿನಲ್ಲಿ ನಿಂತು ನಿಂತು ತಲೆ ಕೆಟ್ಟಿದೆ, ಖಾಲಿ ರಸ್ತೆ ಕಂಡರೆ ಹೀಗೆಯೇ’ ಎನ್ನುತ್ತಾರೆ. ಧಾರವಾಡದವರು ಬೆಳಗಾವಿಯವರನ್ನು ಕುರಿತು, ಬೆಳಗಾವಿಯವರು ಕೊಲ್ಲಾಪುರದವರನ್ನು ಕುರಿತು ಇದನ್ನೇ ಹೇಳುತ್ತಾರೆ. ನಮ್ಮ ಅನುಭವದಲ್ಲಿ ಕೆಟ್ಟ ಚಾಲಕ ಯಾವಾಗಲೂ ಪಕ್ಕದ ಜಿಲ್ಲೆಯವನು. ಸ್ವಂತ ಜಿಲ್ಲೆಯಲ್ಲಿ ಅವನನ್ನು ಯಾರೂ ಕಂಡಿಲ್ಲ.

ವೃತ್ತಿಯಿಂದಲೂ ಗುರುತಿಸುವುದುಂಟು. ನಿವೃತ್ತಿಯ ಹಣದಲ್ಲಿ ಕಾರು ಕೊಂಡ ಮಾಸ್ತರರು ರಸ್ತೆಯ ನಡುವೆ ಎರಡನೆಯ ಗೇರಿನಲ್ಲಿ ಸಾಗುತ್ತಾರೆ. ತಿರುಗುವಾಗ ದೀಪ ಹಾಕಿ, ಕೈಯನ್ನೂ ತೋರಿಸಿ, ಹಿಂದಿನವನಿಗೆ ಇನ್ನೂ ತಿಳಿಯಲಿಲ್ಲವೇನೋ ಎಂದು ಒಮ್ಮೆ ನಿಂತು ನೋಡಿ ತಿರುಗುತ್ತಾರೆ. ಗುತ್ತಿಗೆದಾರರ ಬಿಳಿಯ ದೊಡ್ಡ ವಾಹನ, ರಸ್ತೆ ತಾನೇ ಮಾಡಿಸಿದ್ದೆಂಬ ಹಕ್ಕಿನಿಂದ ಎಲ್ಲರನ್ನೂ ಬದಿಗೆ ಸರಿಸುತ್ತ ಹೋಗುತ್ತದೆ. ಅದೇ ರಸ್ತೆಯ ತಗ್ಗಿನಲ್ಲಿ ಅಚ್ಚು ಮುರಿದಾಗ ಮಾತ್ರ ‘ಇದನ್ನು ಮಾಡಿಸಿದವರು ಯಾರು’ ಎಂಬ ಪ್ರಶ್ನೆ ಏಳುತ್ತದೆ. ಇವರೆಲ್ಲರಿಗಿಂತ ವೇಗಿಗಳು ಮಠಗಳ ಕಾರಿನ ಚಾಲಕರು. ಇದನ್ನು ನಾವು ಒಳಗಿನವರಾಗಿಯೇ ಹೇಳುತ್ತಿದ್ದೇವೆ. ಹಿಂದೆ ಪೂಜ್ಯರು ಕುಳಿತಿದ್ದಾರೆ, ಇನ್ನೇತರ ಭಯ ಎಂಬ ಧೈರ್ಯ ಅವರದು. ಪೂಜ್ಯರಾದರೋ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಭಕ್ತರು ಅದನ್ನು ಧ್ಯಾನವೆಂದು ತಿಳಿಯುತ್ತಾರೆ. ಒಬ್ಬ ಹಿರಿಯ ಸ್ವಾಮಿಗಳು ನಮ್ಮೊಡನೆ ಒಮ್ಮೆ ನಿಜವನ್ನು ಹೇಳಿದರು: ‘ಕಣ್ಣು ತೆಗೆದರ ರಸ್ತೆ ಕಾಣತೈತಿ, ಅದಕ್ಕ ಮುಚ್ಚಿರ್ತೀವಿ.’

ಆದರೆ ಎಲ್ಲ ಜಿಲ್ಲೆಯವರೂ ಎಲ್ಲ ವೃತ್ತಿಯವರೂ ಒಮ್ಮತದಿಂದ ಹೇಳುವ ಮಾತೊಂದುಂಟು. ಮುಂದಿನ ಕಾರು ಸ್ವಲ್ಪ ತಡವರಿಸಿದರೆ ಸಾಕು, ‘ಹೆಣ್ಣುಮಗಳು ಇರಬೇಕು’ ಎನ್ನುತ್ತಾರೆ. ಬದಿಯಿಂದ ಮುಂದೆ ಹೋಗುವಾಗ ಕತ್ತು ಹೊರಳಿಸಿ ನೋಡುತ್ತಾರೆ. ಹೆಣ್ಣುಮಗಳಾಗಿದ್ದರೆ ‘ಹೇಳಲಿಲ್ಲವೆ’ ಎಂದು ಗೆಲುವಿನ ನಗೆ. ಗಂಡಸಾಗಿದ್ದರೆ ಮಾತಿಲ್ಲ, ಆ ಸಾಕ್ಷ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ತರ್ಕ ಓದಿದ ನಮಗೆ ಇದು ಬಹಳ ದಿನಗಳಿಂದ ಕಾಡುತ್ತ ಬಂದಿದೆ.

ಕಾರಿನ ಚರಿತ್ರೆಯನ್ನು ತೆರೆದು ನೋಡಿದರೆ ಈ ಮಾತು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ ಎಂಬಾತ 1886ರಲ್ಲಿ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಸ್ವಾಮ್ಯಪತ್ರ ಪಡೆದ. ಬಂಡಿಯೇನೋ ಆಯಿತು, ಕೊಳ್ಳುವವರಿಲ್ಲ. ಆತ ಇನ್ನಷ್ಟು ತಿದ್ದುತ್ತ, ಇನ್ನಷ್ಟು ಅಂಜುತ್ತ ಕುಳಿತಿದ್ದ. 1888ರ ಆಗಸ್ಟಿನಲ್ಲಿ ಒಂದು ಮುಂಜಾನೆ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಹರೆಯದ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮ್ ನಗರದಿಂದ ಬಂಡಿ ಹೊರಡಿಸಿದಳು. ಹೋದದ್ದು ಎಲ್ಲಿಗೆ? ಫೋರ್ಟ್ಸ್‌ಹೈಮ್ ಎಂಬ ಊರಿಗೆ, ತಾಯಿಯನ್ನು ಕಾಣಲು. ಅದು ಆಕೆಯ ತವರೂರು. ನಮ್ಮ ಹೆಣ್ಣುಮಕ್ಕಳು ಪಂಚಮಿ ಹಬ್ಬಕ್ಕೆ ಅಣ್ಣ ಕರೆಯಲು ಬರುವ ದಾರಿ ಕಾಯುವ ದಿನಗಳೂ ಹೆಚ್ಚುಕಡಿಮೆ ಇವೇ. ಆಕೆ ಅಣ್ಣನ ದಾರಿ ಕಾಯಲಿಲ್ಲ, ಅಷ್ಟೆ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಲ್ಲಿಯವರೆಗೆ ಯಾವ ಗಂಡಸೂ ಮೋಟಾರು ಬಂಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಇಂಧನ ತೀರಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕಲೆ ತೆಗೆಯಲು ಮಾರುತ್ತಿದ್ದ ದ್ರಾವಣವನ್ನು ಕೊಂಡು ತುಂಬಿಸಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಸೂಜಿಯಿಂದ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಇಳಿಜಾರಿನಲ್ಲಿ ಕಟ್ಟಿಗೆಯ ಬ್ರೇಕು ಸವೆದಾಗ ದಾರಿಯ ಒಬ್ಬ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಇಂದು ಪ್ರತಿಯೊಂದು ಕಾರಿನಲ್ಲಿಯೂ ಇರುವ ಬ್ರೇಕಿನ ಲೈನಿಂಗಿಗೆ ಮೂಲ ಆ ತೊಗಲೇ. ಏರಿನಲ್ಲಿ ಮಕ್ಕಳು ಇಳಿದು ತಳ್ಳಬೇಕಾಯಿತು (ಇದನ್ನು ಓದಿದಾಗ ನಮಗೆ ಪ್ರಸಾದ ನಿಲಯದ ನೆನಪಾಯಿತು). ತಿರುಗಿ ಬಂದು ಗಂಡನಿಗೆ, ಏರು ಹತ್ತಲು ಇನ್ನೊಂದು ಗೇರು ಬೇಕು ಎಂದು ಹೇಳಿದಳು. ಆತ ಕೂಡಿಸಿದ.

ಮಳೆಯಲ್ಲಿ ಮುಂಗಾಜನ್ನು ಒರೆಸುವ ಕಡ್ಡಿಗೆ 1903ರಲ್ಲಿ ಸ್ವಾಮ್ಯಪತ್ರ ಪಡೆದವಳು ಅಮೇರಿಕೆಯ ಮೇರಿ ಆ್ಯಂಡರ್ಸನ್. ಅದು ಚಾಲಕನ ಲಕ್ಷ್ಯವನ್ನು ಕೆಡಿಸುತ್ತದೆಂದು ಆಗಿನವರು ಅದನ್ನು ಕೊಳ್ಳಲಿಲ್ಲ. ಹಿಂದಿನಿಂದ ಬರುವವರನ್ನು ಕಾಣಲು ಕೈಗನ್ನಡಿ ಇಟ್ಟುಕೊಳ್ಳಿರಿ ಎಂದು 1909ರಲ್ಲಿ ಪುಸ್ತಕ ಬರೆದು ಹೇಳಿದವಳು ಇಂಗ್ಲೆಂಡಿನ ಡೊರೊಥಿ ಲೆವಿಟ್. ನಮ್ಮ ನೆರೆಯ ತಮಿಳುನಾಡಿನಲ್ಲಿ ಕನ್ಯಾಕುಮಾರಿ ಕಡೆಯ ವಸಂತಕುಮಾರಿಯವರು 1993ರಲ್ಲಿಯೇ ಸರಕಾರಿ ಬಸ್ಸಿನ ಚಾಲಕಿಯಾದರು. ಬ್ರೇಕು, ಗೇರು, ಕನ್ನಡಿ, ಗಾಜು ಒರೆಸುವ ಕಡ್ಡಿ ಎಲ್ಲದರಲ್ಲಿಯೂ ಹೆಣ್ಣಿನ ಕೈಯಿದ್ದು, ಸ್ಟಿಯರಿಂಗಿಗೆ ಮಾತ್ರ ಆಕೆಯ ಕೈ ಸಲ್ಲದು ಎಂಬ ವಾದಕ್ಕೆ ಪ್ರಮಾಣ ಯಾವುದು? ಹೆಣ್ಣುಮಕ್ಕಳು ನಿಧಾನವಾಗಿ ನಡೆಸುತ್ತಾರೆ ಎಂಬುದನ್ನು ಒಪ್ಪೋಣ. ನಮ್ಮ ಬಲಗಾಲಿಗೆ ಬಿಡುವು ಸಿಗುವುದು ಅವರ ಪಕ್ಕದಲ್ಲಿ ಕುಳಿತಾಗ ಮಾತ್ರ.

ಚಿಲ್ಲರೆ ಕಿರುಕುಳಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಹಾರನ್ನು ನಮ್ಮಲ್ಲಿ ಎಚ್ಚರಿಕೆಯ ಸಾಧನವಾಗಿ ಉಳಿದಿಲ್ಲ, ಸಂಭಾಷಣೆಯಾಗಿದೆ: ‘ಬಂದೆ’, ‘ಹೋದೆ’, ‘ನಮಸ್ಕಾರ’, ‘ಕಣ್ಣು ಕಾಣುವುದಿಲ್ಲವೆ’ ಎಲ್ಲಕ್ಕೂ ಒಂದೇ ಧಾತು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವೆಂದು 2000ದ ನಿಯಮ ಹೇಳುತ್ತದೆ. ಆ ಫಲಕದ ಕೆಳಗೆ ನಿಂತೇ ರಿಕ್ಷಾದವನು ಗಿರಾಕಿಯನ್ನು ಹಾರನ್ನಿನಿಂದ ಕರೆಯುತ್ತಾನೆ. ಪರರ ಗೇಟಿನ ಮುಂದೆ ಕಾರು ನಿಲ್ಲಿಸುವವರು ‘ಐದು ನಿಮಿಷ ಅಷ್ಟೇ ರೀ’ ಎನ್ನುತ್ತಾರೆ. ಆ ಐದು ನಿಮಿಷ ಯುಗಮಾನದ್ದು. ಆಯುಧ ಪೂಜೆಯ ಮರುದಿನ ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಜಾರಿ ಬೀಳುವ ದ್ವಿಚಕ್ರದವನಿಗೆ ಆ ದೃಷ್ಟಿ ತಾಗುತ್ತದೆ. ಒಬ್ಬರ ದೃಷ್ಟಿ ತೆಗೆದು ಇನ್ನೊಬ್ಬರ ಕಾಲು ಮುರಿಯುವ ಈ ವಿಧಿ ಯಾವ ಶಾಸ್ತ್ರದಲ್ಲಿದೆಯೋ ನಾವು ಓದಿಲ್ಲ. ಮೊಬೈಲಿನಲ್ಲಿ ದಾರಿ ಹೇಳುವ ತಾಯಿ ನಮ್ಮ ಊರುಗಳ ಹೆಸರನ್ನು ಉಚ್ಚರಿಸುವ ರೀತಿ ಕೇಳಿದರೆ ಊರ ದೇವರೇ ಊರು ಬಿಟ್ಟು ಹೋಗಬೇಕು. ಒಮ್ಮೆ ಆಕೆ ನಮ್ಮನ್ನು ಉಪನ್ಯಾಸದ ಸಭಾಭವನಕ್ಕೆ ಬದಲು ಒಬ್ಬ ರೈತರ ಹಿತ್ತಿಲಿಗೆ ತಲುಪಿಸಿ ‘ನೀವು ಗುರಿಯನ್ನು ಮುಟ್ಟಿದ್ದೀರಿ’ ಎಂದು ಘೋಷಿಸಿದಳು. ಆ ರೈತರು ಮಜ್ಜಿಗೆ ಕೊಟ್ಟು ಉಪಚರಿಸಿದರೆಂಬುದು ಬೇರೆ ಮಾತು. ಕಾರಿನ ಹಿಂಭಾಗದ ಪೆಟ್ಟಿಗೆಗೂ ಡಿಕ್ಕಿಯೆಂದು ಹೆಸರು, ಹಿಂದಿನವನು ಬಂದು ಅದಕ್ಕೆ ಬಡಿಯುವುದಕ್ಕೂ ಡಿಕ್ಕಿಯೆಂದು ಹೆಸರು. ಈ ಶ್ಲೇಷವನ್ನು ಕನ್ನಡಿಗರು ಮುಂದಾಲೋಚನೆಯಿಂದಲೇ ಮಾಡಿಟ್ಟಿರಬೇಕು.

ರಸ್ತೆಯ ಉಬ್ಬುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ನಿಲ್ಲದಿದ್ದರೆ ಅವು ಬಿಡುವುದಿಲ್ಲ. ಉಬ್ಬು ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿಯೇ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು. ಅಂದರೆ ಗೇಣಿನ ಅರ್ಧದಷ್ಟು ಎತ್ತರದ, ಹಾಸಿಗೆಗಿಂತ ಅಗಲವಾದ ಮೆಲ್ಲನೆಯ ದಿಣ್ಣೆ. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಹೋದರೆ ಒಡಲಿಗೆ ನೋವಾಗಬಾರದೆಂಬುದು ಲೆಕ್ಕ. ನಮ್ಮ ಹಳ್ಳಿಗಳಲ್ಲಿ ಒಂದು ಅಪಘಾತವಾದರೆ ಮರುದಿನ ಊರವರೇ ಸೇರಿ ಕಲ್ಲು ಮಣ್ಣು ಹಾಕಿ ಒಡ್ಡು ಕಟ್ಟುತ್ತಾರೆ. ಎತ್ತರ ಅಂದಿನ ಸಿಟ್ಟಿನ ಪ್ರಮಾಣದಲ್ಲಿರುತ್ತದೆ. ಬಿಳಿಯ ಬಣ್ಣವಿಲ್ಲ, ಫಲಕವಿಲ್ಲ. ಹಿಂದಿನ ಆಸನದ ಅಜ್ಜಿಯ ತಲೆ ಮೇಲಿನ ತಗಡಿಗೆ ಬಡಿದ ಸದ್ದೇ ಉಬ್ಬು ಬಂತೆಂಬ ಸೂಚನೆ. ತುಂಬಿದ ಬಸುರಿಯನ್ನು ಹೆರಿಗೆಗೆ ಕರೆದೊಯ್ಯುವವರು ಈ ಒಡ್ಡುಗಳನ್ನು ಎಣಿಸುತ್ತ ಹೋಗಬೇಕು. ಊರವರ ಸಿಟ್ಟು ಸುಳ್ಳಲ್ಲ, ಶಾಲೆಯ ಮುಂದೆ ಮಗುವನ್ನು ಕಳೆದುಕೊಂಡವರಿಗೆ ಅಳತೆಯ ಪಾಠ ಹೇಳಲು ನಮಗೆ ನಾಲಗೆ ಬರುವುದಿಲ್ಲ. ವೇಗದಲ್ಲಿ ಬಂದವನೇ ಆ ಒಡ್ಡನ್ನು ಕಟ್ಟಿಸಿದವನು.

ದಂಡದ ಕಥೆ ಇನ್ನೊಂದು. 2019ರಲ್ಲಿ ಮೋಟಾರು ವಾಹನ ಕಾನೂನಿಗೆ ತಿದ್ದುಪಡಿಯಾಗಿ ದಂಡಗಳು ಒಮ್ಮೆಲೇ ಏರಿದವು. ಜನ ಗೊಣಗಿದರು, ಕೆಲವೇ ದಿನಗಳಲ್ಲಿ ನಮ್ಮ ರಾಜ್ಯ ಅನೇಕ ದಂಡಗಳನ್ನು ಇಳಿಸಿತು. ಬಳಿಕ ಕ್ಯಾಮೆರಾಗಳು ಬಂದು ದಂಡದ ಚೀಟಿಗಳು ಬೆಟ್ಟದಂತೆ ಬೆಳೆದವು. 2023ರ ಫೆಬ್ರುವರಿಯಲ್ಲಿ, ಬಾಕಿ ದಂಡ ತುಂಬುವವರಿಗೆ ಅರ್ಧಕ್ಕರ್ಧ ರಿಯಾಯಿತಿ ಎಂದು ಸಾರಲಾಯಿತು. ಆಷಾಢದ ರಿಯಾಯಿತಿಗೆ ಸೀರೆಯ ಅಂಗಡಿಯ ಮುಂದೆ ನಿಂತಂತೆ ಜನ ಸಾಲುಗಟ್ಟಿ ನಿಂತು ತಾವು ಮಾಡಿದ ತಪ್ಪುಗಳನ್ನು ಅರ್ಧ ಬೆಲೆಗೆ ಕೊಂಡುಕೊಂಡರು. ನಮ್ಮ ಪರಿಚಯದವರೊಬ್ಬರು ಸಂತೋಷದಿಂದ ಬಂದು ‘ಮೂರು ಸಾವಿರ ಉಳೀತು ನೋಡ್ರಿ’ ಎಂದರು. ಉಳಿದದ್ದು ನಿಜ.

ನಗೆಯ ಮಾತು ರಾತ್ರಿಯ ಹೊತ್ತಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಎದುರಿನಿಂದ ಬರುವ ವಾಹನದ ದೀಪದ ವಿಷಯ. ನಮ್ಮ ಎಳೆವೆಯಲ್ಲಿ ಲಾರಿ ಬಸ್ಸುಗಳ ದೀಪದ ಗಾಜಿನ ಮೇಲಿನ ಅರ್ಧಕ್ಕೆ ಕಪ್ಪು ಬಳಿಯುತ್ತಿದ್ದರು; ಎದುರಿನವನನ್ನು ಕಂಡೊಡನೆ ದೀಪವನ್ನು ತಗ್ಗಿಸುವುದು ಚಾಲಕರ ಮರ್ಯಾದೆಯಾಗಿತ್ತು. ಈಗಿನ ಬಿಳಿಯ ದೀಪಗಳು ಸೂರ್ಯನೊಡನೆ ಪಂಥ ಕಟ್ಟಿದಂತಿವೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಕಣ್ಣು ಕೋರೈಸಿ ಮೂರು ಸೆಕೆಂಡು ಕತ್ತಲೆಯಾದರೆ ಐವತ್ತು ಮೀಟರು ಕುರುಡನಂತೆ ಸಾಗಿದ ಹಾಗೆ. ವಯಸ್ಸಾದ ಕಣ್ಣಿಗೆ ಇನ್ನೂ ಹೆಚ್ಚು. 2024ರ ಜುಲೈಯಿಂದ ರಾಜ್ಯದ ಪೊಲೀಸರು ಇಂಥ ದೀಪಗಳ ವಿರುದ್ಧ ಕಾರ್ಯಾಚರಣೆ ನಡೆಸಿದರು. ಆದರೆ ದೀಪ ತಗ್ಗಿಸುವ ಕೀಲು ಪೊಲೀಸರ ಕೈಯಲ್ಲಿಲ್ಲ.

ಆ ಐವತ್ತು ಮೀಟರಿನೊಳಗೆ ನಮ್ಮ ಕಡೆ ಏನಿರುತ್ತದೆಂಬುದು ಬೆಳಗಾವಿ, ಬಾಗಲಕೋಟೆಯ ಓದುಗರಿಗೆ ಹೇಳಬೇಕಾಗಿಲ್ಲ. ಕಬ್ಬಿನ ಸುಗ್ಗಿ ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಮನೆಯಷ್ಟು ಎತ್ತರ ಕಬ್ಬು ಹೇರಿ ರಸ್ತೆಗಿಳಿಯುತ್ತವೆ. ಮುಂದೆ ಹಾಡು ಊರಿಗೆಲ್ಲ ಕೇಳುತ್ತದೆ. ಹಿಂದೆ ಒಂದು ಕೆಂಪು ದೀಪವಿರುವುದಿಲ್ಲ. ಹಾಡಿನ ಪೆಟ್ಟಿಗೆಗೆ ಸಾವಿರಗಟ್ಟಲೆ ಸುರಿಯುವವರು ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಲು ಹಿಂದೆಗೆಯುವುದೇಕೆ? ಚಕ್ಕಡಿಯ ಕಾಲದಲ್ಲಿ ನಮ್ಮ ಹಿರಿಯರು ಬಂಡಿಯ ಕೆಳಗೆ ಕಂದೀಲು ತೂಗುಬಿಡುತ್ತಿದ್ದರು. ಅದರ ಬೆಲೆ ಎರಡು ಗುಟುಕು ಸೀಮೆಎಣ್ಣೆ.

ನಮಗೆ ಬಹುಕಾಲದ ಪರಿಚಯವಿರುವ ಮನೆತನವೊಂದು ಎರಡು ವರ್ಷಗಳ ಹಿಂದೆ ಮದುವೆ ಮುಗಿಸಿ ರಾತ್ರಿ ಮರಳುತ್ತಿತ್ತು. ಹಗಲೆಲ್ಲ ಅಕ್ಷತೆ, ಊಟ, ಬೀಗರ ಉಪಚಾರವೆಂದು ಓಡಾಡಿ ದಣಿದ ಮಗನೇ ಕಾರು ನಡೆಸುತ್ತಿದ್ದ. ಸೊಸೆಗೆ ಪರವಾನಗಿ ಬಂದು ಏಳು ವರ್ಷವಾಗಿತ್ತು. ನಿತ್ಯ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದವಳು ಆಕೆಯೇ. ಆದರೆ ಮದುವೆಗೆ ಬಂದ ನಾಲ್ಕು ಜನರೆದುರು ಗಂಡ ಪಕ್ಕದಲ್ಲಿ ಕುಳಿತು ಹೆಂಡತಿ ನಡೆಸುವುದು ಹೇಗೆ? ಆಕೆ ‘ನಾ ಹೊಡೀತೀನ್ರಿ, ನೀವು ಮಲ್ಕೋರಿ’ ಎಂದದ್ದಕ್ಕೆ ಹಿಂದಿನಿಂದ ಮಾವನವರೇ ‘ರಾತ್ರಿ ಹೊತ್ತು ಬ್ಯಾಡವಾ ತಂಗಿ’ ಎಂದರಂತೆ. ಎದುರಿನ ದೀಪ ಕಣ್ಣಿಗೆ ಹೊಡೆಯಿತು. ಮುಂದಿದ್ದ ಕಬ್ಬಿನ ಟ್ರೇಲರ್ ಕಂಡದ್ದು ಬಡಿದ ಮೇಲೆ. ಮುಂದಿನ ಇಬ್ಬರು ಪಟ್ಟಿ ಕಟ್ಟಿದ್ದರು; ತರಚುಗಾಯಗಳೊಡನೆ ಉಳಿದರು. ಹಿಂದೆ ಕುಳಿತಿದ್ದ ಅಜ್ಜಿಯವರ ಸೊಂಟದ ಎಲುಬು ಮುರಿಯಿತು. ಪಕ್ಕದಲ್ಲಿದ್ದ ಮಾವನವರ ಹಲ್ಲು ಎರಡು ಹೋದವು. ಮಗು ಅದೃಷ್ಟದಿಂದ ಅಂದು ಬೀಗರ ಮನೆಯಲ್ಲಿಯೇ ಉಳಿದಿತ್ತು. ಅಜ್ಜಿಯವರು ಇಂದಿಗೂ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣಲಾರರು. ಮಂಚದ ಮೇಲೆಯೇ ತಾಟು.

ಹಿಂದಿನ ಆಸನ ಸುರಕ್ಷಿತ, ಅಲ್ಲಿ ಪಟ್ಟಿ ಬೇಡ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿ ಬೇರೂರಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 60 ಕಿಲೋಮೀಟರಿನ ವೇಗದಲ್ಲಿ ಕಾರು ತಟಕ್ಕನೆ ನಿಂತರೆ ಒಳಗಿನ ಒಡಲು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. ಆ ಪೆಟ್ಟು ಹದಿನಾಲ್ಕು ಮೀಟರು ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಮಾಳಿಗೆಯಿಂದ ಬಿದ್ದದ್ದಕ್ಕೆ ಸಮ. ತೊಡೆಯ ಮೇಲಿನ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳುವ ಬಲ ಯಾವ ತಾಯಿಯ ತೋಳಿಗೂ ಇಲ್ಲ. ಭುಜ ಸೊಂಟ ಎರಡನ್ನೂ ಹಿಡಿಯುವ ಈಗಿನ ಪಟ್ಟಿಯನ್ನು 1959ರಲ್ಲಿ ಸ್ವೀಡನ್ನಿನ ನಿಲ್ಸ್ ಬೋಲಿನ್ ರೂಪಿಸಿದಾಗ ಆತ ಕೆಲಸ ಮಾಡುತ್ತಿದ್ದ ವೋಲ್ವೋ ಸಂಸ್ಥೆ ಅದನ್ನು ಇತರ ತಯಾರಕರೂ ಬಳಸಲೆಂದು ಬಿಟ್ಟುಕೊಟ್ಟಿತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲಘರ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರ ಕಾರು ಸೇತುವೆಗೆ ಬಡಿದಾಗಲೂ ಆದದ್ದು ಇದೇ: ಮುಂದೆ ಕುಳಿತಿದ್ದ ಇಬ್ಬರು ಬದುಕಿದರು, ಹಿಂದೆ ಪಟ್ಟಿಯಿಲ್ಲದೆ ಕುಳಿತಿದ್ದ ಇಬ್ಬರು ತೀರಿಕೊಂಡರು. ಆ ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಮಡಿದವರು 1,68,491. ಅವರಲ್ಲಿ ಪಟ್ಟಿ ಕಟ್ಟದೆ ಮಡಿದವರು 16,715 ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ.

ಇಷ್ಟಾದರೂ ನಮ್ಮ ಜಾಣತನಕ್ಕೆ ಎಣೆಯಿಲ್ಲ. ಪಟ್ಟಿ ಕಟ್ಟದಿದ್ದರೆ ಕಾರು ಟಿಂಟಿಣಿಸುತ್ತದೆ. ಆ ಸದ್ದನ್ನು ಅಡಗಿಸಲು ಬರಿಯ ಕೊಂಡಿಯೊಂದನ್ನು ಕೊಂಡು ಸಿಕ್ಕಿಸುತ್ತಾರೆ. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಆದೇಶದ ಮೇರೆಗೆ ಅಂತರಜಾಲದ ಅಂಗಡಿಗಳಿಂದ ಅಂಥ ಕೊಂಡಿಗಳ 13,118 ಜಾಹೀರಾತುಗಳನ್ನು ತೆಗೆದುಹಾಕಬೇಕಾಯಿತು. ಐದುನೂರು ರೂಪಾಯಿಯ ಪಟ್ಟಿ ಸಾಲದೆಂದಲ್ಲ, ಜೀವ ಉಳಿಸುವ ಪಟ್ಟಿಯನ್ನು ಮೋಸಗೊಳಿಸಲು ಹಣ ಕೊಟ್ಟು ಉಪಾಯ ಕೊಳ್ಳುವ ಜನ ನಾವು.

ಮೇಲೆ ಹೇಳಿದ ಮನೆತನದಲ್ಲಿ ಈಗ ರಾತ್ರಿಯ ಪ್ರಯಾಣಕ್ಕೆ ಸೊಸೆಯೇ ಸಾರಥಿ. ಕಳೆದ ಕಾರ್ತಿಕದಲ್ಲಿ ನಮ್ಮನ್ನು ಒಂದು ಊರಿನ ದೀಪೋತ್ಸವಕ್ಕೆ ಕರೆದೊಯ್ದವಳೂ ಆಕೆಯೇ. ಚಾವಿ ಹಾಕಿ, ತಿರುಗಿ ನೋಡಿ, ‘ಮಾವನವರ, ಬೆಲ್ಟ್ ಹಾಕ್ಕೋರಿ. ಹಾಕ್ಕೊಳ್ಳದ ಗಾಡಿ ಬಿಡೂದಿಲ್ಲ’ ಎಂದಳು. ಇಡೀ ಓಣಿಯ ಪಂಚಾಯಿತಿ ಮಾಡುವ ಹಿರಿಯರು ‘ಜುಬ್ಬಾದ ಇಸ್ತ್ರಿ ಹೋಗತೈತಿ’ ಎಂದು ಗೊಣಗುತ್ತ ಪಟ್ಟಿಯನ್ನು ಎಳೆದುಕೊಂಡರು. ಎಳೆದರೇನು, ಸಿಕ್ಕಿಸುವ ಕೊಂಡಿಯೇ ಇಲ್ಲ! ಹೊಸ ಕಾರು ಕೊಂಡಾಗ ಅಂಗಡಿಯವರು ಆದರದಿಂದ ಹೊದಿಸಿದ ಅಲಂಕಾರದ ಹೊದಿಕೆಯ ಅಡಿಯಲ್ಲಿ ಹಿಂದಿನ ಆಸನದ ಕೊಂಡಿಗಳೆಲ್ಲ ಹುದುಗಿಹೋಗಿದ್ದವು. ಹೊರಡುವುದು ಕಾಲು ಗಂಟೆ ತಡವಾಯಿತು. ಒಳಗಿನಿಂದ ಕತ್ತರಿ ತರಿಸಿ ಹೊಲಿಗೆ ಬಿಚ್ಚಿ ಕೈ ಹಾಕಿ ತಡಕಿದಾಗ ಮೊದಲು ಎರಡು ಹತ್ತರ ನಾಣ್ಯಗಳು ಬಂದವು, ಆಮೇಲೆ ಒಣಗಿದ ಒಂದು ಅಡಿಕೆ ಹೋಳು, ಯಾವುದೋ ಮದುವೆಯ ಕರೆಯೋಲೆ, ಅಜ್ಜಿಯವರು ಕೆಲಸದವಳ ಮೇಲೆ ಸಂಶಯಪಟ್ಟು ಆರು ತಿಂಗಳು ಮಾತು ಬಿಟ್ಟಿದ್ದ ಬೆಳ್ಳಿಯ ಸುಣ್ಣದ ಡಬ್ಬಿ. ಕೊಂಡಿ ಬಂದದ್ದು ಕೊನೆಗೆ.